ಪೇಟೆಯ ಲೆಕ್ಕ, ಪಾಟಿಯ ಲೆಕ್ಕ: ಹಾವೇರಿ ಸೀಮೆಯಲ್ಲಿ ಮನೆಪಾಠಕ್ಕೊಂದು ಪ್ರಾಥಮಿಕ ಗಣಿತ

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸಲು ಹೊರಟ ತಂದೆತಾಯಿಗಳಿಗೆ ಓದುಬರಹದ ಬಗ್ಗೆ ಒಂದು ಧೈರ್ಯವಿರುತ್ತದೆ. ಗಣಿತಕ್ಕೆ ಬಂದಾಗ ಆ ಧೈರ್ಯ ಉಳಿಯುವುದಿಲ್ಲ. ಯಾವ ಪುಸ್ತಕ ತರಬೇಕು, ಯಾವ ಕ್ರಮ ಹಿಡಿಯಬೇಕು ಎಂಬಲ್ಲಿಗೇ ಅವರ ವಿಚಾರಣೆ ಬಂದು ನಿಲ್ಲುತ್ತದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಂಥ ಪೇಟೆ ಊರುಗಳಲ್ಲಿ ಈ ಪ್ರಶ್ನೆಗೆ ಬೇರೆಯದೇ ಒಂದು ಮುಖವಿದೆ. ಇಲ್ಲಿ ಮಗು ಪುಸ್ತಕ ತೆರೆಯುವ ಮೊದಲೇ ಲೆಕ್ಕದ ನಡುವೆ ಬೆಳೆದಿರುತ್ತದೆ. ಆ ಲೆಕ್ಕವನ್ನು ಬರಹಕ್ಕೆ ದಾಟಿಸುವ ಶಕ್ತಿ ಯಾವ ಪಠ್ಯಕ್ರಮಕ್ಕಿದೆ ಎಂಬುದೇ ಆಯ್ಕೆಯ ಅಳತೆಗೋಲಾಗಬೇಕು ಎಂಬುದು ಈ ಲೇಖನದ ವಾದ.

ಸಂತೆಯ ಬಾಯಿಲೆಕ್ಕ ತಾನಾಗಿಯೇ ಬರಹದ ಲೆಕ್ಕವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಸಂಶೋಧನೆ ಅದನ್ನು ಒಪ್ಪುವುದಿಲ್ಲ. ಬ್ರೆಜಿಲಿನ ರೆಸಿಫೆ ನಗರದ ಬೀದಿ ವ್ಯಾಪಾರಿ ಮಕ್ಕಳ ಮೇಲೆ ಟೆರೆಜಿನ್ಯಾ ನ್ಯೂನೆಸ್ ಮತ್ತು ಸಂಗಡಿಗರು ನಡೆಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಗಡಿಯ ಮುಂದೆ ಕೇಳಿದ ಲೆಕ್ಕಗಳಿಗೆ ಶೇ. 98ರಷ್ಟು ಸರಿಯುತ್ತರ ಬಂತು. ಅದೇ ಲೆಕ್ಕಗಳನ್ನು ಬರಿಯ ಅಂಕಿಗಳಾಗಿ ಕೊಟ್ಟಾಗ ಅದು ಶೇ. 37ಕ್ಕೆ ಇಳಿಯಿತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಎಲಿಜಬೆತ್ ಸ್ಪೆಲ್ಕೆ ಮೊದಲಾದವರು ಕೋಲ್ಕತ್ತ ಮತ್ತು ದೆಹಲಿಯ ಪೇಟೆಗಳಲ್ಲಿ ದುಡಿಯುವ ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಪೇಟೆಯ ಮಕ್ಕಳು ಶಾಲೆಯ ಲೆಕ್ಕದಲ್ಲಿ ಸೋತರು, ಶಾಲೆಯ ಮಕ್ಕಳು ಪೇಟೆಯ ಲೆಕ್ಕದಲ್ಲಿ ಸೋತರು. ಎರಡು ದಡವೂ ಇವೆ, ನಡುವೆ ಸೇತುವೆ ಇಲ್ಲ. ಅದನ್ನು ಯಾರಾದರೂ ಕಟ್ಟಿಯೇ ಕೊಡಬೇಕು.

ಕಟ್ಟುವುದು ಹೇಗೆಂಬುದಕ್ಕೆ ಬ್ಯಾಡಗಿಯ ಮೆಣಸಿನಕಾಯಿಯನ್ನೇ ಹಿಡಿಯೋಣ. ಅಲ್ಲಿನ ಎಪಿಎಂಸಿಯಲ್ಲಿ ದರ ಕೂಗುವುದು ಕ್ವಿಂಟಲಿಗೆ. ಒಂದು ಲಾಟಿಗೆ ಕ್ವಿಂಟಲಿಗೆ 24,000 ರೂಪಾಯಿ ದರ ಬಿತ್ತೆನ್ನೋಣ. ಎರಡು ಸೊನ್ನೆ ತೆಗೆದರೆ ಕಿಲೋದ ದರ 240. ಪಾವ ಕಿಲೋಕ್ಕೆ ಎಷ್ಟೆಂದು ಕೇಳಿದರೆ ಪೇಟೆ ಬಲ್ಲ ಹುಡುಗಿ 240ರ ಅರ್ಧ 120, ಅದರ ಅರ್ಧ 60 ಎನ್ನುತ್ತಾಳೆ. ಕಾಲುಭಾಗದ ಭಿನ್ನರಾಶಿ ಅವಳ ಬಾಯಲ್ಲಿ ಆಗಲೇ ಇದೆ. 35 ಕಿಲೋದ ಒಂದು ಚೀಲಕ್ಕೆ ಎಷ್ಟು? ಹತ್ತು ಕಿಲೋಕ್ಕೆ 2,400, ಮೂವತ್ತಕ್ಕೆ 7,200, ಐದಕ್ಕೆ ಹತ್ತರ ಅರ್ಧ 1,200, ಒಟ್ಟು 8,400. ಈಗ ಪಾಟಿಯ ಮೇಲೆ 240ನ್ನು 35ರಿಂದ ಗುಣಿಸಿ ತೋರಿಸಬೇಕು. ಮೊದಲ ಸಾಲಿನಲ್ಲಿ ಬರುವುದು 1,200. ಎರಡನೆಯ ಸಾಲಿನಲ್ಲಿ ಬಿಡಿಯ ಸ್ಥಾನ ಬಿಟ್ಟು ಬರೆಯುವ 720 ನಿಜವಾಗಿ 7,200. ಅವಳ ಬಾಯಲ್ಲಿದ್ದ ಎರಡು ಸಂಖ್ಯೆಗಳೇ ಗುಣಾಕಾರದ ಎರಡು ಸಾಲುಗಳಾಗಿ ಕುಳಿತಿವೆ. ಎರಡನೆಯ ಸಾಲು ಒಂದು ಮನೆ ಎಡಕ್ಕೆ ಏಕೆ ಸರಿಯುತ್ತದೆ ಎಂಬುದನ್ನು ಬಹಳಷ್ಟು ಮಕ್ಕಳು ನಿಯಮವೆಂದಷ್ಟೇ ಉರು ಹೊಡೆಯುತ್ತಾರೆ. ಇಲ್ಲಿ ಅದಕ್ಕೆ ಕಾರಣ ಕಣ್ಣೆದುರೇ ಇದೆ. ಒಂದು ಪಠ್ಯಕ್ರಮ ಈ ಕ್ಷಣಕ್ಕೆ ಜಾಗ ಕೊಡುತ್ತದೆಯೇ ಎಂಬುದನ್ನು ನಾನು ಎಲ್ಲಕ್ಕಿಂತ ಮೊದಲು ನೋಡುತ್ತೇನೆ.

ಆಯ್ಕೆಗೆ ಸಿಗುವ ಸಾಮಗ್ರಿ ಕಡಿಮೆಯೇನಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿಕಲಿಯ ದೊಡ್ಡ ಗುಣವೆಂದರೆ ಅದರ ಕಲಿಕಾ ಏಣಿ. ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ, ಒಂದು ಮೆಟ್ಟಿಲು ಗಟ್ಟಿಯಾಗದೆ ಮುಂದಿನದಕ್ಕೆ ಹೋಗುವುದಿಲ್ಲ. ಮನೆಪಾಠಕ್ಕೆ ಇದು ಹೇಳಿಮಾಡಿಸಿದಂತಿದೆ. ಕೊರತೆ ಒಂದೇ: ಸಹಪಾಠಿಯ ನೆರವಿನಿಂದ ಕಲಿಯುವ ಹಂತ ಅದರ ಜೀವಾಳ, ಒಂಟಿ ಮಗುವಿರುವ ಮನೆಯಲ್ಲಿ ಅದು ಬರಿದಾಗುತ್ತದೆ. ಅಕ್ಕಪಕ್ಕದ ಮಕ್ಕಳನ್ನು ವಾರಕ್ಕೆರಡು ಸಲವಾದರೂ ಕೂಡಿಸಿಕೊಳ್ಳದೆ ನಲಿಕಲಿಯನ್ನು ಮನೆಗೆ ತರಬಾರದು. ನಾಲ್ಕು, ಐದನೆಯ ತರಗತಿಗೆ ಅಕ್ಷರ ಫೌಂಡೇಶನ್ನಿನ ಗಣಿತ ಕಲಿಕಾ ಆಂದೋಲನದ ಸಾಮಗ್ರಿ ಪೆಟ್ಟಿಗೆಯ ಮಾದರಿ ಒಳ್ಳೆಯದು. ವಸ್ತು, ಚಿತ್ರ, ಅಂಕಿ ಎಂಬ ಅದರ ಕ್ರಮ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಹೇಳಿದ್ದಕ್ಕೆ ಹತ್ತಿರವಾದದ್ದು. ಸಿಂಗಪುರದ ಹೆಸರಾಂತ ಪಠ್ಯಗಳೂ ಇದೇ ದಾರಿ ಹಿಡಿದವು.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಬೆನ್ನಿಗೆ ಎನ್‌ಸಿಇಆರ್‌ಟಿ ತಂದ 'ಮ್ಯಾತ್ ಮ್ಯಾಜಿಕ್' ಮಾಲೆಯನ್ನು ಬಿಡುವಂತಿಲ್ಲ. ಅದರ ನಾಲ್ಕನೆಯ ತರಗತಿಯ ಪುಸ್ತಕ ಇಟ್ಟಿಗೆ ಕಟ್ಟುವವರ ಕೆಲಸದಿಂದ, ಐದನೆಯದು ಮೀನುಗಾರರ ಲೆಕ್ಕದಿಂದ ಆರಂಭವಾಗುತ್ತದೆ. ಈಗ ಅದರ ಜಾಗಕ್ಕೆ 'ಮ್ಯಾತ್ಸ್ ಮೇಳ' ಬಂದಿದೆ. ಕಡಲು ಕಾಣದ ರಾಣೆಬೆನ್ನೂರಿನ ಮಗುವಿಗೆ ಮೀನಿನ ದೋಣಿಯ ಬದಲು ಹತ್ತಿಯ ಸಾಲುಗಳನ್ನು ಇಡಬಹುದು: ಸಾಲಿಗೆ ಇಷ್ಟು ಗಿಡ, ಇಷ್ಟು ಸಾಲು. ಹಾವೇರಿಯ ಏಲಕ್ಕಿ ಹಾರ ಅದಕ್ಕಿಂತಲೂ ಚೆನ್ನು. ಎಳೆಗೆ ಎಷ್ಟು ಏಲಕ್ಕಿ, ಹಾರಕ್ಕೆ ಎಷ್ಟು ಎಳೆ ಎಂದು ಎಣಿಸುತ್ತ ಗುಣಾಕಾರವೂ ವಿನ್ಯಾಸವೂ ಒಟ್ಟಿಗೆ ಕೈಗೆ ಬರುತ್ತವೆ.

ಕಸುಬಿನಿಂದ ಗಣಿತ ಎಂಬುದು ಈ ನೆಲಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿ 'ವ್ಯವಹಾರಗಣಿತ' ಬರೆದ. 1937ರ ವಾರ್ಧಾ ಸಮ್ಮೇಳನದಿಂದ ಹೊರಟ ಮೂಲಶಿಕ್ಷಣ ನೂಲು ತೆಗೆಯುತ್ತ ಲೆಕ್ಕ ಕಲಿಸಿತು, ಹಾವೇರಿ ಬಳಿಯ ಹೊಸರಿತ್ತಿಯ ಗಾಂಧಿ ಗ್ರಾಮೀಣ ಗುರುಕುಲ ಆ ವಿಚಾರದ ಕುಡಿ. ಆದರೆ ಕಸುಬು ಕೇಳದ ಗಣಿತವೂ ಉಂಟು. ಅವಿಭಾಜ್ಯ ಸಂಖ್ಯೆಯನ್ನು ಯಾವ ತಕ್ಕಡಿಯೂ ಕೇಳುವುದಿಲ್ಲ. ಐದನೆಯ ತರಗತಿಯಿಂದಾಚೆಗೆ ಪೇಟೆಯನ್ನೇ ನೆಚ್ಚಿಕೊಂಡರೆ ಮಗು ಲಾಭನಷ್ಟದಲ್ಲೇ ಉಳಿದುಬಿಡುತ್ತದೆ.

ಕಾನೂನಿನ ಮಾತೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 10ನೇ ಕಲಮು ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ. ಹೀಗಾಗಿ ಮನೆಪಾಠದವರಲ್ಲಿ ಹಲವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಕಡೆ ನೋಡುತ್ತಾರೆ. ಅದರ ಮುಕ್ತ ಬುನಾದಿ ಶಿಕ್ಷಣದ ಮೂರು ಹಂತಗಳು 3, 5, 8ನೇ ತರಗತಿಗಳಿಗೆ ಸಮ. ಆ ಹಂತಗಳ ಗಣಿತ ಪಠ್ಯವನ್ನು ಮೊದಲೇ ತರಿಸಿ, ಆಯ್ದುಕೊಂಡ ಪುಸ್ತಕದ ಪಕ್ಕದಲ್ಲಿಟ್ಟು ಅಧ್ಯಾಯಕ್ಕೆ ಅಧ್ಯಾಯ ಹೋಲಿಸಿ ನೋಡಬೇಕು. ರೇಖಾಗಣಿತ, ದತ್ತಾಂಶ ನಿರ್ವಹಣೆಗಳಲ್ಲಿ ತೆರಪು ಕಂಡರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಕನ್ನಡ ಪುಸ್ತಕಗಳಿಂದ ಆ ಅಧ್ಯಾಯಗಳನ್ನಷ್ಟೇ ತೆಗೆದುಕೊಳ್ಳಬಹುದು, ಅವು ಜಾಲತಾಣದಲ್ಲಿ ಹಣವಿಲ್ಲದೆ ಸಿಗುತ್ತವೆ.