ಕಡಿಮೆ ಖರ್ಚಿನ ಸೈಲೆನ್ಸರ್ ಮಾರ್ಪಾಡು: ಸದ್ದಿನ ಹಿಂದಿನ ತಂತ್ರ, ದಂಡ ಮತ್ತು ಅಪಾಯ

ಬೆಂಗಳೂರು: ಹೆಬ್ಬಾಳ ಮೇಲ್ಸೇತುವೆ ದಾಟಿ ಯಲಹಂಕದ ಕಡೆಗೆ ಸಾಗುವ ಬಳ್ಳಾರಿ ರಸ್ತೆಯ ಆಸುಪಾಸಿನ ನಿವಾಸಿಗಳಿಗೆ ನಡುರಾತ್ರಿಯ ಕಾರಿನ ಗರ್ಜನೆ ಹೊಸದೇನಲ್ಲ. ಈ ಸದ್ದೆಲ್ಲವೂ ಕೋಟಿ ಬೆಲೆಯ ಸ್ಪೋರ್ಟ್ಸ್ ಕಾರುಗಳದ್ದೆಂದು ಭಾವಿಸಬೇಕಿಲ್ಲ. ಅಗ್ಗಕ್ಕೆ ಕೊಂಡ ಹಳೆಯ ಕಾರಿಗೆ ವೆಲ್ಡಿಂಗ್ ಅಂಗಡಿಯಲ್ಲೋ ಮನೆಯ ಮುಂದೆಯೋ ಕೊಳವೆ ಬದಲಿಸಿ ಸ್ಪೋರ್ಟ್ಸ್ ಕಾರಿನ ಧ್ವನಿ ಕೊಡಿಸಿಕೊಳ್ಳುವ ಹವ್ಯಾಸವೂ ಇದರ ಹಿಂದಿದೆ.

ಈ ಹವ್ಯಾಸದ ಬೆಲೆ ಎಷ್ಟಾಗಬಹುದೆಂಬುದು 2026ರ ಜನವರಿಯಲ್ಲಿ ತಿಳಿದುಬಂತು. ಉತ್ತರ ಬೆಂಗಳೂರಿನ ರಸ್ತೆಗಳಲ್ಲಿ ಸೈಲೆನ್ಸರ್‌ನಿಂದ ಬೆಂಕಿ ಉಗುಳುತ್ತಾ ಓಡಾಡುತ್ತಿದ್ದ ಹಳೆಯ ಸೆಡಾನ್ ಒಂದಕ್ಕೆ ಯಲಹಂಕ ಪ್ರಾದೇಶಿಕ ಸಾರಿಗೆ ಕಚೇರಿ 1.11 ಲಕ್ಷ ರೂ.ಗಳಷ್ಟು ದಂಡ ವಿಧಿಸಿತು. ಇಂಥ ಮಾರ್ಪಾಡು ಎಂದರೇನು, ಅದರಿಂದ ಲಾಭವಿದೆಯೇ, ಕಾನೂನು ಏನೆನ್ನುತ್ತದೆ ಎಂಬ ವಿವರಗಳು ಇಲ್ಲಿವೆ.

ಹೊಗೆ ಸಾಗುವ ಹಾದಿ

ಎಂಜಿನ್‌ನ ಸಿಲಿಂಡರ್‌ಗಳಿಂದ ಹೊರಬೀಳುವ ಬಿಸಿ ಅನಿಲ ಮೊದಲು ಮ್ಯಾನಿಫೋಲ್ಡ್‌ನಲ್ಲಿ ಒಂದುಗೂಡುತ್ತದೆ. ಅಲ್ಲಿಂದ ಕ್ಯಾಟಲಿಟಿಕ್ ಕನ್ವರ್ಟರ್ ಸೇರುತ್ತದೆ. ಅದರೊಳಗಿನ ಜೇನುಗೂಡಿನಂಥ ರಚನೆಗೆ ಲೇಪಿಸಿದ ಪ್ಲಾಟಿನಂ, ಪಲ್ಲಾಡಿಯಂ ಮತ್ತು ರೋಡಿಯಂ ಲೋಹಗಳು ಕಾರ್ಬನ್ ಮಾನಾಕ್ಸೈಡ್, ಉರಿಯದೆ ಉಳಿದ ಇಂಧನ ಹಾಗೂ ನೈಟ್ರೋಜನ್ ಆಕ್ಸೈಡ್‌ಗಳನ್ನು ಬಹುಮಟ್ಟಿಗೆ ಇಂಗಾಲದ ಡೈ ಆಕ್ಸೈಡ್, ನೀರಾವಿ ಮತ್ತು ಸಾರಜನಕವಾಗಿ ಪರಿವರ್ತಿಸುತ್ತವೆ. ನಂತರದ ರೆಸೊನೇಟರ್ ಕೆಲವು ಕಂಪನಾಂಕದ ಸದ್ದನ್ನು ಅಳಿಸುತ್ತದೆ. ಕೊನೆಯ ಮಫ್ಲರ್, ಅಂದರೆ ನಾವು ಸೈಲೆನ್ಸರ್ ಎನ್ನುವ ಡಬ್ಬಿ, ಉಳಿದ ಸದ್ದನ್ನು ಕೋಣೆಗಳಲ್ಲಿ ಸುತ್ತಿಸಿ ತಗ್ಗಿಸುತ್ತದೆ.

ಅಗ್ಗದ ಮಾರ್ಪಾಡು ಎಂದರೆ

ಸಾಮಾನ್ಯವಾಗಿ ಮೂರು ಬಗೆಯ ಮಾರ್ಪಾಡು ನಡೆಯುತ್ತದೆ. ಮೊದಲನೆಯದು, ಹಿಂದಿನ ಮಫ್ಲರ್ ಕತ್ತರಿಸಿ ಅಲ್ಲಿಗೆ ನೇರ ಕೊಳವೆ ಬೆಸೆಯುವುದು. ಎರಡನೆಯದು, ರಂಧ್ರವಿರುವ ಒಳಕೊಳವೆಯ ಸುತ್ತ ಗಾಜಿನ ಉಣ್ಣೆ ತುಂಬಿದ ನೇರ ಮಫ್ಲರ್ ಅಳವಡಿಸುವುದು. ಮೂರನೆಯದು ಹಾಗೂ ಅತ್ಯಂತ ಹಾನಿಕರವಾದುದು, ಕ್ಯಾಟಲಿಟಿಕ್ ಕನ್ವರ್ಟರನ್ನೇ ಕಿತ್ತು ಹಾಕುವುದು.

ಕೊಳವೆಗೆ ಮೈಲ್ಡ್ ಸ್ಟೀಲ್ ಬಳಸಿದರೆ ಖರ್ಚು ಕಡಿಮೆ, ಆದರೆ ಬೇಗನೆ ತುಕ್ಕು ಹಿಡಿಯುತ್ತದೆ. 409 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹೆಚ್ಚು ಬಾಳುತ್ತದೆ. 304 ದರ್ಜೆ ಇನ್ನೂ ಉತ್ತಮ, ಬೆಲೆಯೂ ಅಧಿಕ. ಅಗ್ಗವೆಂದು ನೀರಿನ ಜಿ.ಐ. ಪೈಪ್ ಬಳಸುವುದು ಅಪಾಯಕಾರಿ. ಅದರ ಸತುವಿನ ಲೇಪ ವೆಲ್ಡಿಂಗ್ ಶಾಖಕ್ಕೆ ಹೊಗೆಯಾಗಿ ಏಳುತ್ತದೆ. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳಲ್ಲಿ ಚಳಿ ಜ್ವರ ಕಾಣಿಸಿಕೊಳ್ಳುವುದುಂಟು.

ಶಕ್ತಿ ಹೆಚ್ಚುವುದೇ?

ಕೊಳವೆ ಅಗಲವಾದಷ್ಟೂ ಕಾರು ಚುರುಕಾಗುತ್ತದೆ ಎಂಬ ನಂಬಿಕೆ ಪೂರ್ಣ ಸತ್ಯವಲ್ಲ. ಅನಿಲ ವೇಗವಾಗಿ ಹರಿದಾಗ ಅದರ ಹಿಂದೆ ಉಂಟಾಗುವ ಕಡಿಮೆ ಒತ್ತಡ ಸಿಲಿಂಡರ್‌ನಲ್ಲಿ ಉಳಿದ ಹೊಗೆಯನ್ನು ಸೆಳೆಯಲು ನೆರವಾಗುತ್ತದೆ. ಅಗತ್ಯಕ್ಕಿಂತ ದೊಡ್ಡ ಕೊಳವೆಯಲ್ಲಿ ಈ ವೇಗ ಕುಂದುತ್ತದೆ. ಪರಿಣಾಮವಾಗಿ ನಗರದ ಸಂಚಾರದಲ್ಲಿ ಬೇಕಾದ ಕೆಳಹಂತದ ಎಳೆತ ಕಡಿಮೆಯಾಗಬಹುದು. ಟರ್ಬೊ ಇಲ್ಲದ ಸಣ್ಣ ಎಂಜಿನ್‌ನಲ್ಲಿ ಬರೀ ಮಫ್ಲರ್ ತೆಗೆದರೆ ದೊರೆಯುವ ಹೆಚ್ಚುವರಿ ಶಕ್ತಿ ಅತ್ಯಲ್ಪ. ಹೆಚ್ಚುವುದು ಸದ್ದು, ಆ ಸದ್ದಿನಿಂದಲೇ ವೇಗ ಹೆಚ್ಚಿತೆಂಬ ಭ್ರಮೆ ಚಾಲಕನಿಗೆ ಉಂಟಾಗುತ್ತದೆ.

ಬೆಂಕಿ ಬರುವುದು ಹೇಗೆ?

ಆಕ್ಸಿಲರೇಟರ್ ಬಿಟ್ಟಾಗ ಆಧುನಿಕ ಎಂಜಿನ್ ಇಂಧನ ಪೂರೈಕೆಯನ್ನು ತಾನಾಗಿ ನಿಲ್ಲಿಸುತ್ತದೆ. ಇಸಿಯು ತಂತ್ರಾಂಶ ತಿದ್ದಿ, ಆ ಹೊತ್ತಿನಲ್ಲೂ ಇಂಧನ ಹರಿಯುವಂತೆ ಮತ್ತು ಕಿಡಿ ತಡವಾಗಿ ಹೊತ್ತುವಂತೆ ಮಾಡಿದರೆ ಪೆಟ್ರೋಲ್ ಪೂರ್ತಿ ಉರಿಯದೆ ಕೊಳವೆ ಸೇರಿ ಅಲ್ಲಿ ಸ್ಫೋಟಿಸುತ್ತದೆ. ಪಟಾಕಿಯಂಥ ಸದ್ದು, ಬೆಂಕಿಯ ನಾಲಿಗೆ ಹೊಮ್ಮುವುದು ಹೀಗೆ. ಇದರಿಂದ ವಾಲ್ವ್, ಆಕ್ಸಿಜನ್ ಸೆನ್ಸರ್ ಹಾಳಾಗುತ್ತವೆ. ಕನ್ವರ್ಟರ್ ಇದ್ದರೆ ಅದು ಕರಗುವ ಸಂಭವವಿದೆ. ಹಿಂದೆ ಬರುವ ದ್ವಿಚಕ್ರ ವಾಹನ ಸವಾರರ ಪಾಡನ್ನು ಹೇಳಬೇಕಾಗಿಲ್ಲ.

ಕಣ್ಣಿಗೆ ಕಾಣದ ಅಪಾಯ ಇನ್ನೊಂದಿದೆ. ಬೆಸುಗೆ ಸೋರಿದರೆ ಕಾರ್ಬನ್ ಮಾನಾಕ್ಸೈಡ್ ಕಾರಿನೊಳಗೆ ನುಸುಳುತ್ತದೆ. ಬಣ್ಣ, ವಾಸನೆ ಇಲ್ಲದ ಈ ಅನಿಲ ತಲೆನೋವು, ಮಂಪರಿನಿಂದ ಆರಂಭವಾಗಿ ಪ್ರಾಣವನ್ನೇ ತೆಗೆಯಬಲ್ಲದು. ಕಿಟಕಿ ಮುಚ್ಚಿ ಎ.ಸಿ. ಹಾಕಿಕೊಂಡು ಸಾಗುವವರು ಇದನ್ನು ಮರೆಯಬಾರದು.

ಕಾನೂನು ಏನು ಹೇಳುತ್ತದೆ?

* ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿರ್ಬಂಧವನ್ನು ಎತ್ತಿಹಿಡಿಯಿತು.
* 2019ರ ತಿದ್ದುಪಡಿ ಸೇರಿಸಿದ 182ಎ(4) ಕಲಮಿನಂತೆ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5,000 ರೂ. ದಂಡ ಅಥವಾ 6 ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ. ಲೆಕ್ಕ ಕಾರಿಗಲ್ಲ, ಮಾರ್ಪಾಡಿಗೆ ಎಂಬುದು ಗಮನಾರ್ಹ.
* ಅದೇ ತಿದ್ದುಪಡಿಯಂತೆ 190(2) ಕಲಮಿನಡಿ ಶಬ್ದ ಮತ್ತು ವಾಯುಮಾಲಿನ್ಯ ಮಿತಿ ಮೀರಿದರೆ ಮೊದಲ ಬಾರಿಗೆ 10,000 ರೂ.ವರೆಗೆ ದಂಡ, 3 ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ. ಜೊತೆಗೆ 3 ತಿಂಗಳ ಕಾಲ ಚಾಲನಾ ಪರವಾನಗಿಗೆ ಅನರ್ಹತೆ.
* ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 120ನೇ ನಿಯಮ ಸೈಲೆನ್ಸರನ್ನು ಕಡ್ಡಾಯಗೊಳಿಸಿದೆ. 113ನೇ ನಿಯಮದಂತೆ ಹೊಗೆಕೊಳವೆ ಇಂಧನದ ಕೊಳವೆಯಿಂದ 35 ಮಿ.ಮೀ. ಒಳಗಿರಬಾರದು.

ಒಂಬತ್ತು ಆಸನದವರೆಗಿನ ಪ್ರಯಾಣಿಕ ಕಾರುಗಳಿಗೆ ತಯಾರಿಕಾ ಹಂತದ ಶಬ್ದಮಿತಿ 2005ರ ಏಪ್ರಿಲ್‌ನಿಂದ 74 ಡೆಸಿಬೆಲ್ ಎಂದು ನಿಗದಿಯಾಯಿತು. ವಸತಿ ಪ್ರದೇಶಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಮಿತಿ 45 ಡೆಸಿಬೆಲ್. ಪ್ರತಿ 10 ಡೆಸಿಬೆಲ್ ಏರಿಕೆ ಕಿವಿಗೆ ಸುಮಾರು ಇಮ್ಮಡಿ ಸದ್ದಾಗಿ ಕೇಳಿಸುತ್ತದೆ ಎಂಬುದನ್ನು ನೆನೆದರೆ, ಹಸುಗೂಸು, ವೃದ್ಧರಿರುವ ಮನೆಗಳ ಸಂಕಟ ಅರ್ಥವಾದೀತು.

ಹಾಗಾದರೆ ದಾರಿ ಯಾವುದು?

ತುಕ್ಕು ಹಿಡಿದ ಸೈಲೆನ್ಸರ್ ಬದಲಿಸುವುದು ತಪ್ಪಲ್ಲ. ಮೂಲ ಅಳತೆ, ಮೂಲ ವಿನ್ಯಾಸದ ಭಾಗವನ್ನೇ ಹಾಕಿಸಿ ಬಿಲ್ ಇಟ್ಟುಕೊಳ್ಳುವುದು ಲೇಸು. ಸವೆದ ಗ್ಯಾಸ್ಕೆಟ್, ಹರಿದ ರಬ್ಬರ್ ಹ್ಯಾಂಗರ್ ಬದಲಿಸಿದರೆ ಎಷ್ಟೋ ಕಾರುಗಳ ಬೇಡದ ಸದ್ದು ಅಲ್ಪ ಖರ್ಚಿನಲ್ಲಿ ನಿಲ್ಲುತ್ತದೆ. ವೆಲ್ಡಿಂಗ್‌ಗೆ ಮುನ್ನ ಬ್ಯಾಟರಿಯ ನೆಗೆಟಿವ್ ತಂತಿ ಕಳಚಬೇಕು. ಕಾರು ಬರೀ ಜಾಕ್ ಮೇಲಿರುವಾಗ ಅದರಡಿ ನುಸುಳಬಾರದು. ಕೆಲಸ ಮುಗಿದ ಮೇಲೆ ಸೋರಿಕೆ ನೋಡಿಸಿ, ಹೊಗೆ ತಪಾಸಣೆ ಮಾಡಿಸಬೇಕು.

ನಿಜವಾದ ವೇಗದ ಆಸಕ್ತಿ ಇರುವವರಿಗೆ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟದ ಪರವಾನಗಿ ಪಡೆದು ಸ್ಪರ್ಧಿಸುವ ಅವಕಾಶವಿದೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಟ್ರ್ಯಾಕ್‌ಗಳು ಬೆಂಗಳೂರಿಗೆ ತೀರ ದೂರವಲ್ಲ. ಟ್ರ್ಯಾಕ್‌ಗೆಂದು ಸಿದ್ಧಪಡಿಸಿದ ಕಾರನ್ನು ಅಲ್ಲಿಗೆ ಲಾರಿಯಲ್ಲಿ ಸಾಗಿಸುವುದೇ ಸರಿಯಾದ ಕ್ರಮ. ಸಾವಿರಗಳಲ್ಲಿ ಮುಗಿಸಲು ಹೊರಟ ಮಾರ್ಪಾಡು ಲಕ್ಷದ ದಂಡಕ್ಕೆ ದಾರಿಯಾದ ಯಲಹಂಕದ ನಿದರ್ಶನ, ಗ್ಯಾಸ್ ಕಟರ್ ಕೈಗೆತ್ತಿಕೊಳ್ಳುವ ಮುನ್ನ ನೆನಪಾದರೆ ಒಳ್ಳೆಯದು.