ಕೆಮ್ಮಣ್ಣುಗುಂಡಿಯ ಅದಿರು, ಹುಜೂರಿನ ಹುದ್ದೆ: ದಿವಾನ್ ವಿಶ್ವೇಶ್ವರಯ್ಯನವರ ನಿರ್ಗಮನ ಕುರಿತು

ಸರ್ ಎಂ. ವಿಶ್ವೇಶ್ವರಯ್ಯನವರು 1918ರ ಕೊನೆಯಲ್ಲಿ ಮೈಸೂರಿನ ದಿವಾನಗಿರಿ ಬಿಟ್ಟದ್ದನ್ನು ಅರ್ಹತೆಗೂ ಜಾತಿಗೂ ನಡೆದ ಜಗಳವೆಂದು ಹೇಳಿ ಮುಗಿಸುವುದು ರೂಢಿ. ಅವರ ಸುಧಾರಣೆಗಳ ಯಶಸ್ಸೇ ಆ ಜಗಳವನ್ನು ಹುಟ್ಟಿಸಿತೆಂಬುದು ಈ ಲೇಖನದ ವಾದ. 1909ರಲ್ಲಿ ಮುಖ್ಯ ಇಂಜಿನಿಯರಾಗಿ ಬಂದು 1912ರಲ್ಲಿ ದಿವಾನರಾದ ಅವರ ಕಾಲದಲ್ಲಿ ಮೈಸೂರು ಬ್ಯಾಂಕು, ಕಡ್ಡಾಯ ಶಿಕ್ಷಣದ ಕಾನೂನು, 1916ರಲ್ಲಿ ವಿಶ್ವವಿದ್ಯಾನಿಲಯ ಒಂದರ ಹಿಂದೊಂದು ಬಂದವು. ಪ್ರತಿ ಹೊಸ ಸಂಸ್ಥೆಯೂ ಹೊಸ ಹುದ್ದೆಗಳನ್ನು ತಂದಿತು. ಪ್ರತಿ ಹೊಸ ಶಾಲೆಯೂ ಆ ಹುದ್ದೆ ಕೇಳುವವರನ್ನು ತಯಾರು ಮಾಡಿತು. ಜನಸಂಖ್ಯೆಯಲ್ಲಿ ಶೇಕಡಾ 4ಕ್ಕಿಂತ ಕಡಿಮೆಯಿದ್ದ ಬ್ರಾಹ್ಮಣರೇ ಮೇಲಿನ ಹುದ್ದೆಗಳಲ್ಲಿ ಬಹುಪಾಲು ತುಂಬಿದ್ದ ಸಂಸ್ಥಾನದಲ್ಲಿ ‘ಯಾರಿಗೆ?’ ಎಂಬ ಪ್ರಶ್ನೆ ಏಳದಿದ್ದರೇ ಆಶ್ಚರ್ಯ. 1917ರಲ್ಲಿ ಬ್ರಾಹ್ಮಣೇತರರ ಸಂಘಟನೆಯಾದ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಮರುವರ್ಷ, ವಿಶ್ವೇಶ್ವರಯ್ಯನವರು ದಿವಾನರಾಗಿರುವಾಗಲೇ, ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಹುದ್ದೆಗಳ ಹಂಚಿಕೆಯನ್ನು ಪರಿಶೀಲಿಸಲು ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕಿಂತ ಕಡಿಮೆಯಿಲ್ಲದಂತೆ, ಕೆಳಗಿನವುಗಳಲ್ಲಿ ಮೂರನೇ ಎರಡರಷ್ಟು ಹಿಂದುಳಿದವರಿಗೆ ಸಿಗಬೇಕೆಂದು ಆ ಸಮಿತಿ 1919ರಲ್ಲಿ ಹೇಳಿತು.

ಜಗಳ ಹುದ್ದೆಗಳ ಹಂಚಿಕೆಯದು, ಸುಧಾರಣೆಯದಲ್ಲ ಎಂಬುದನ್ನು ಕಡೂರು ಜಿಲ್ಲೆಯಲ್ಲಿ, ಅಂದರೆ ಇಂದಿನ ಚಿಕ್ಕಮಗಳೂರಿನಲ್ಲಿ, ಪರೀಕ್ಷಿಸಬಹುದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ವಿಶ್ವೇಶ್ವರಯ್ಯನವರ ಯೋಜನೆ. ಅದರ ಅದಿರು ಈ ಜಿಲ್ಲೆಯ ಬಾಬಾಬುಡನ್ ಸಾಲಿನ ಕೆಮ್ಮಣ್ಣುಗುಂಡಿಯದು. ಬೆಟ್ಟದ ಮೇಲಿಂದ ತೂಗುಹಗ್ಗದ ಮೇಲೆ ತಣಿಗೆಬೈಲಿಗೆ ಇಳಿದ ಅದಿರು ಅಲ್ಲಿಂದ ಟ್ರಾಮ್ ಹಳಿ ಹಿಡಿಯುತ್ತಿತ್ತು. ಕುಲುಮೆಗೆ ಮಲೆನಾಡಿನ ಕಾಡಿನ ಇದ್ದಿಲೇ ಉರುವಲು. ಇನ್ನು ಕಾಫಿಯ ವಿಷಯ. ಅವರ ಕಾಲದಲ್ಲಿ, 1913ರಲ್ಲಿ, ಕೃಷಿ ಇಲಾಖೆಯ ನಿರ್ದೇಶಕರಾದ ಲೆಸ್ಲಿ ಕೋಲ್ಮನ್ ಆಮೇಲಿನ ದಿವಾನರ ಕೈಕೆಳಗೂ ದುಡಿದರು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಆರಂಭವಾಯಿತು. ದಿವಾನರು ಹೋದರೂ ಇಲಾಖೆ ನಿಲ್ಲಲಿಲ್ಲ. ಸುಧಾರಣೆಯನ್ನೇ ಅರಮನೆ ತಿರಸ್ಕರಿಸಿದ್ದರೆ ಹೀಗಾಗುತ್ತಿರಲಿಲ್ಲ.

ವಿಶ್ವೇಶ್ವರಯ್ಯನವರು ತತ್ತ್ವಕ್ಕಾಗಿ ಹೋದರು, ಅದು ಪತನವಲ್ಲ ಎಂಬ ಆಕ್ಷೇಪವಿದೆ. ತತ್ತ್ವನಿಷ್ಠೆ ನಿಜವೇ. ಹುದ್ದೆ ಮೀಸಲಿಟ್ಟರೆ ಆಡಳಿತದ ದಕ್ಷತೆ ಕುಗ್ಗುತ್ತದೆ, ವಿದ್ಯೆ ಹರಡಿದರೆ ಅಸಮಾನತೆ ತಾನಾಗಿ ಕರಗುತ್ತದೆ ಎಂದು ಅವರು ನಂಬಿದ್ದರು. ಆದರೆ ವಿದ್ಯೆ ಹರಡುವವರೆಗೆ ಕಾಯಿರಿ ಎಂದು ಹೇಳುವುದು ಆಗಲೇ ಹುದ್ದೆಯಲ್ಲಿದ್ದವರಿಗೆ ಸುಲಭ. ಮೇಲಾಗಿ ದಿವಾನರ ಬಲವೆಲ್ಲ ಮಹಾರಾಜರ ವಿಶ್ವಾಸದಿಂದ ಬಂದದ್ದು; ಪ್ರಜಾಪ್ರತಿನಿಧಿ ಸಭೆಗೆ ಅವರನ್ನು ಏರಿಸುವ ಅಧಿಕಾರವೂ ಇರಲಿಲ್ಲ, ಉಳಿಸುವ ಅಧಿಕಾರವೂ ಇರಲಿಲ್ಲ. ಮಹಾರಾಜರ ಸೋದರಮಾವ ಕಾಂತರಾಜೇ ಅರಸರು ಮುಂದಿನ ದಿವಾನರಾದುದರಿಂದ ಇದನ್ನು ಅರಮನೆಯ ಒಳಜಗಳ ಎನ್ನುವವರೂ ಉಂಟು. ಬಂಧುತ್ವ ನೆರವಾಗಿರಬಹುದು, ಅದೊಂದೇ ಕಾರಣವಾಗಿದ್ದರೆ ಸಮಿತಿ, ವರದಿ, ಅದನ್ನು ಜಾರಿಗೆ ತಂದ 1921ರ ಸರ್ಕಾರಿ ಆಜ್ಞೆ ಇಷ್ಟೆಲ್ಲ ಬೇಕಿರಲಿಲ್ಲ.

1923ರಲ್ಲಿ ಭದ್ರಾವತಿಯ ಕುಲುಮೆ ಹೊತ್ತಿತು. ನಷ್ಟದಲ್ಲಿದ್ದ ಕಾರ್ಖಾನೆಯನ್ನು ನೆಟ್ಟಗೆ ಮಾಡಲು ಅದೇ ವರ್ಷ ಸರ್ಕಾರ ಅವರನ್ನೇ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕರೆಯಿತು; 1929ರವರೆಗೆ ಅವರು ಅಲ್ಲಿದ್ದರು. ಅವರ ಇಂಜಿನಿಯರಿಂಗ್ ಅರಮನೆಗೆ ಬೇಕಾಗಿತ್ತು. ಯಾರಿಗೆ ಹುದ್ದೆ ಎಂಬುದರಲ್ಲಿ ಮಾತ್ರ ಅವರ ಮಾತನ್ನು ಅದು ಮತ್ತೆ ಕೇಳಲಿಲ್ಲ.