ಗಂಡ ಬದುಕುಳಿದರೆ ಹೆಂಡತಿಗೆ ಪರಿಹಾರ ಇಲ್ಲವೇ?

ಪಾಲಹಳ್ಳಿ ಕಡೆಯ 38 ವರ್ಷದ ಒಬ್ಬಾತನ ಬೈಕಿಗೆ ಕಾರು ಗುದ್ದಿತು ಅಂತಿಟ್ಟುಕೊಳ್ಳಿ. ಜೀವ ಉಳಿಯಿತು, ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಎತ್ತಿ ಕೂರಿಸೋದು, ಸ್ನಾನ ಮಾಡಿಸೋದು ಎಲ್ಲ ಹೆಂಡತಿಯೇ. ಅವಳ ಕೂಲಿಯೂ ನಿಂತಿತು. ಅವಳ ನಷ್ಟಕ್ಕೆ ಬೆಲೆ ಎಷ್ಟು?

ಗಂಡ ಸತ್ತಿದ್ದರೆ ಉತ್ತರ ಇದೆ. ದುಡಿಮೆಯ ನಷ್ಟದ ಜೊತೆಗೆ 'ಸಾಂಗತ್ಯ ನಷ್ಟ'ಕ್ಕೆ 40,000 ರೂಪಾಯಿ ಅಂತ 2017ರ ಪ್ರಣಯ್ ಸೇಠಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮೂರು ವರ್ಷಕ್ಕೊಮ್ಮೆ ಶೇ 10 ಏರಿಕೆ. ಆ ಲೆಕ್ಕದಲ್ಲಿ 2023ಕ್ಕೆ 48,400. 2018ರ ಮ್ಯಾಗ್ಮಾ ತೀರ್ಪು ಮಕ್ಕಳು, ಹೆತ್ತವರ ಸಾಂಗತ್ಯ ನಷ್ಟವನ್ನೂ ಒಪ್ಪಿತು.

ಬದುಕುಳಿದರೆ? ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ ಅರ್ಜಿದಾರ ಗಾಯಗೊಂಡವನೇ. ಹೆಂಡತಿ ಅವನ ಪರವಾಗಿ ಅರ್ಜಿ ಹಾಕಬಹುದು, ತನಗಾಗಿ ಅಲ್ಲ. ವಾರಸುದಾರರ ಹಕ್ಕು ಹುಟ್ಟೋದು ಸಾವಿನ ಕೇಸಿನಲ್ಲಿ ಮಾತ್ರ.

ಹಾಗಾಗಿ ಹೆಂಡತಿಯ ದುಡಿಮೆಯನ್ನು ಗಂಡನ ಅರ್ಜಿಯಲ್ಲೇ 'ಸಹಾಯಕರ ವೆಚ್ಚ' ಎಂದು ಕೇಳಬೇಕು. 2020ರ ಕಾಜಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಬ್ಬ ಸಹಾಯಕರಿಗೆ ತಿಂಗಳಿಗೆ 5,000ದಂತೆ ಇಬ್ಬರಿಗೆ, 18ರ ಗುಣಕ ಹಾಕಿ, 21.60 ಲಕ್ಷ ಕೊಟ್ಟಿತು. ನಾನು ಎಂಜಿನಿಯರಿಂಗ್ ಓದಿದವನು, ಲೆಕ್ಕ ಹಾಕದೆ ಇರಲಾರೆ: 38ರ ವಯಸ್ಸಿಗೆ ಗುಣಕ 15. ಅದೇ ದರದಲ್ಲಿ ಒಬ್ಬರೇ ಸಹಾಯಕರು ಅಂದರೂ 9 ಲಕ್ಷ. 'ಮನೆಯವರೇ ನೋಡ್ಕೋತಾರಲ್ಲ' ಅಂತ ಯಾರಾದರೂ ಈ ಬಾಬ್ತನ್ನು ಬಿಟ್ಟರೆ ಅಷ್ಟೂ ಹೋಯಿತು.

ಇನ್ನೊಂದು ಮುಖ್ಯ ತೀರ್ಪು 2010ರ ರಾಜ್ ಕುಮಾರ್ ಪ್ರಕರಣದ್ದು. ಡಾಕ್ಟರ್ ಬರೆದ ಶೇಕಡಾವಾರು ಅಂಗವೈಕಲ್ಯವೇ ದುಡಿಮೆಯ ನಷ್ಟವಲ್ಲ. ಕಾಲು ಬಿದ್ದುಹೋದ ಗಾರೆ ಕೆಲಸದವನ ನಷ್ಟ ಬೇರೆ, ಗುಮಾಸ್ತನದು ಬೇರೆ.

ವಾಸದ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಅಪಘಾತವಾದ ಆರು ತಿಂಗಳೊಳಗೆ ಅಂತ ಕಾಯ್ದೆ ಹೇಳುತ್ತದೆ, ತಡ ಮಾಡಬೇಡಿ. ಎಫ್‌ಐಆರ್, ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಾರಾಂಶ, ಬಿಲ್ಲು ಎಲ್ಲ ಜೋಪಾನ. ಹೆಂಡತಿ ಯಾವ ಕೆಲಸ ಬಿಟ್ಟಳು ಅನ್ನೋದೂ ಸಾಕ್ಷ್ಯದಲ್ಲಿ ಬರಲಿ.

ಕಾಯಿಲೆಗೆ ಈ ದಾರಿ ಇಲ್ಲ. ಕೆಲಸದಿಂದ ಬಂದ ಕೆಲವು ರೋಗಗಳಿಗೆ ನೌಕರರ ಪರಿಹಾರದ ಕಾನೂನು ಇದೆ, ಚಿಕಿತ್ಸೆಯ ನಿರ್ಲಕ್ಷ್ಯಕ್ಕೆ ಗ್ರಾಹಕ ಆಯೋಗ. ಅಂಥದ್ದೇ ಗ್ರಾಹಕ ಪ್ರಕರಣವೊಂದರಲ್ಲಿ, 1998ರಲ್ಲಿ, ಬದುಕುಳಿದ ಮಗುವಿನ ಹೆತ್ತವರ ಸಂಕಟಕ್ಕೆಂದೇ ಪ್ರತ್ಯೇಕ 5 ಲಕ್ಷವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. ಆಸ್ಪತ್ರೆಯ ತಪ್ಪಿಗೆ ಒಪ್ಪಿದ ನ್ಯಾಯವನ್ನು ರಸ್ತೆಯ ತಪ್ಪಿಗೂ ಒಪ್ಪಬೇಕು. 166ನೇ ಸೆಕ್ಷನ್‌ನಲ್ಲಿ ಗಾಯಾಳುವಿನ ಸಂಗಾತಿಗೂ ಒಂದು ಸಾಲು ಬೇಕು ಅನ್ನೋದು ನನ್ನ ವಾದ.